ಹರಿಯೋ ನೀರಲ್ಲಿ ಹಿಟ್ಟಿನ ಗಾಳ ನಿಲ್ತಿಲ್ಲ: ಹಿಟ್ಟಿನ ತಪ್ಪಾ, ಸೀಸದ ತಪ್ಪಾ?

ಬನ್ನೂರುದಡ
ಶ್ರೀರಂಗಪಟ್ಟಣದಿಂದ ಕೆಳಗೆ ಬನ್ನೂರು, ಟಿ. ನರಸೀಪುರದ ತನಕ ಕಾವೇರೀಲಿ ರೋಹು, ಗೆಂಡೆಗೆ ಗಾಳ ಹಾಕೋರಿಗೆ ಪ್ರಶ್ನೆ. ಕೆರೇಲಿ ಚೆನ್ನಾಗಿ ನಿಲ್ಲೋ ಹಿಟ್ಟು ಹೊಳೇಲಿ ಐದು ನಿಮಿಷಕ್ಕೇ ಮಾಯ. ಸಾಮಾನು: 8 ಅಡಿ ಕಡ್ಡಿ, 4000 ಸೈಜಿನ ರೀಲು, 0.35 ಮಿ.ಮೀ. ನೈಲಾನ್ ದಾರ, 30 ಗ್ರಾಂ ದುಂಡು ಸೀಸ, ಕೆಳಗೆ ಐದು ಗಾಳದ ಸ್ಪ್ರಿಂಗು (ಹಿಟ್ಟು ಮೆತ್ತೋ ತಂತಿ ಸುರುಳಿ, ಸುತ್ತ ಐದು ಗಾಳ). ಹಿಟ್ಟು ಅಂದ್ರೆ ರಾಗಿ ಹಿಟ್ಟು ಅರ್ಧ, ಕಡ್ಲೆಕಾಯಿ ಹಿಂಡಿ ಅರ್ಧ, ತಣ್ಣೀರಲ್ಲಿ ಕಲಸಿದ್ದು.

ಹಿಟ್ಟು ಕರಗುತ್ತೆ. ಸೀಸ ಉರುಳ್ಕೊಂಡು ದಡಕ್ಕೇ ಬರುತ್ತೆ. ಐದರಲ್ಲಿ ಒಂದು ಗಾಳ ಬಂಡೆ ಸಂದಿಗೆ ಸಿಕ್ಕಿ ಪೂರ್ತಿ ದಾರ ಕಿತ್ತೋಗುತ್ತೆ. ಮೊದಲು ಯಾವುದನ್ನ ಸರಿ ಮಾಡ್ಬೇಕು?

ಗಾಳದಗುಂಡ
ಮೂರನ್ನೂ.

ಮುದ್ದೆಮಾಸ್ತರ
ಹಿಟ್ಟಿಂದ ಶುರು ಮಾಡಣ. ರಾಗೀಲಿ ಗೋಧಿಯ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿದ ರಾಗಿ ಉಂಡೆ ನೋಡೋಕೆ ಗಟ್ಟಿ, ನೀರಿಗೆ ಬಿದ್ದ ತಕ್ಷಣ ಪುಡಿ. ಅದಕ್ಕೆ ಅರ್ಧ ಪಾಲು ಹಿಂಡಿ ಬೇರೆ ಸೇರಿಸಿದೀರಿ. ಹಿಂಡೀಲಿ ಎಣ್ಣೆ ಅಂಶ ಇರುತ್ತೆ, ತರಿನೂ ದಪ್ಪ. ಉಂಡೆ ಒಡೆಯೋದಕ್ಕೆ ಅಷ್ಟು ಸಾಕು.

ಹೊಳೆಗೆ ಹೀಗೆ ಮಾಡಿ: ರಾಗಿ ಹಿಟ್ಟು 250 ಗ್ರಾಂ, ಮೈದಾ 100 ಗ್ರಾಂ, ಜರಡಿ ಹಿಡಿದ ಹಿಂಡಿ ಪುಡಿ 40-50 ಗ್ರಾಂ, ಕುಟ್ಟಿದ ಸೋಂಪು ಒಂದು ಚಮಚ. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಒಂದು ಪಟ್ಟು ಗಟ್ಟಿಯಾಗಿ ನಾದಿ. ಕಿತ್ತಳೆ ಗಾತ್ರದ ಉಂಡೆ ಕಟ್ಟಿ ಕುದಿಯೋ ನೀರಿಗೆ ಬಿಡಿ, 15-20 ನಿಮಿಷ. ಹೊರಗೆ ತೆಗೆದು ಬಿಸಿ ಇದ್ದಾಗಲೇ ಕೈಗೆ ಎಣ್ಣೆ ಸವರ್ಕೊಂಡು ಮತ್ತೆ ನಾದಿ. ಈ ಎರಡನೇ ನಾದೋದನ್ನ ಬಿಟ್ರೆ ಹೊರಗೆ ರಬ್ಬರು, ಒಳಗೆ ಹಸಿ ಹಿಟ್ಟು. ಒದ್ದೆ ಬಟ್ಟೇಲಿ ಸುತ್ತಿಡಿ, ಬಿಸಿಲಿಗೆ ಇಟ್ರೆ ಮೇಲ್ಪದರ ಬಿರುಕು ಬಿಡುತ್ತೆ.

ಪರೀಕ್ಷೆ ಮನೇಲೇ ಆಗ್ಲಿ. ಬಕೆಟ್ ನೀರಿಗೆ ನಿಂಬೆ ಗಾತ್ರದ ಉಂಡೆ ಹಾಕಿ, ಐದು ನಿಮಿಷಕ್ಕೊಮ್ಮೆ ಕೈಯಾಡಿಸಿ. ಅರ್ಧ ಗಂಟೆ ನಿಂತ್ರೆ ಹೊಳೇಲಿ 15-20 ನಿಮಿಷ ನಿಲ್ಲುತ್ತೆ.

ಹೇಮಾವತಿ_ಹೈದ
ಬೇಯಿಸಿದ ಹಿಟ್ಟು ನಿಲ್ಲುತ್ತೆ ಮಾಸ್ತರೇ, ಒಪ್ಪಿದೆ. ಆದ್ರೆ ಗಾಳ ಕಚ್ಚೋದಿಲ್ಲ! ರಬ್ಬರ್ ಥರ ಹಿಟ್ಟಿನೊಳಗೆ ಗಾಳದ ಮೊನೆ ಹೂತಿದ್ರೆ, ನೀವು ಎಳೆದಾಗ ಹಿಟ್ಟು ಮೀನಿನ ಬಾಯಿಂದ ಜಾರಿ ವಾಪಸ್ ಬರುತ್ತೆ, ಮೊನೆ ತುಟಿಗೆ ತಾಗೋದೇ ಇಲ್ಲ. "ಮೀನು ಎಳೀತು, ಎತ್ತಿದ್ರೆ ಏನೂ ಇಲ್ಲ" ಅನ್ನೋದಕ್ಕೆ ಇದೇ ಕಾರಣ.

ಮುದ್ದೆಮಾಸ್ತರ
ಅದಕ್ಕೇ ಮೊನೆ ಹೊರಗಿಡಬೇಕು ಅನ್ನೋದು. ಗಾಳದ ಬೆನ್ನಿಗೂ ಕಾಲಿಗೂ ಹಿಟ್ಟು ಮೆತ್ತಿ, ಮೊನೆ 2-3 ಮಿ.ಮೀ. ಕಾಣ್ತಿರಲಿ. ಗೆಂಡೆ ಬಾಯಿ ಮೆತ್ತಗೆ, ಹೀರ್ಕೊಂಡು ಉಗುಳೋ ಜಾತಿ. ಮೊನೆ ಕಂಡು ಹೆದರಲ್ಲ.

ಹೇಮಾವತಿ_ಹೈದ
ಅದಕ್ಕಿಂತ ಹೇರ್ ರಿಗ್ ಕಟ್ಟಿ ಮುಗಿಸಿ. ಗಾಳಕ್ಕೆ ಕಟ್ಟಿದ ಮೇಲೆ ಉಳಿಯೋ ದಾರದ ತುದಿಗೆ ಸಣ್ಣ ಕುಣಿಕೆ ಹಾಕಿ, ಅದು ಗಾಳದ ಬಾಗಿಂದ ಒಂದು ಸೆಂ.ಮೀ. ಕೆಳಗೆ ನೇತಾಡ್ಲಿ. ಎರೆ ಆ ಕುಣಿಕೇಲಿ, ಗಾಳ ಪೂರ್ತಿ ಬರಿದು. ಮೀನು ಎರೆ ಹೀರಿದಾಗ ಗಾಳನೂ ಜೊತೇಲಿ ಒಳಗೆ ಹೋಗುತ್ತೆ, ಉಗುಳೋವಾಗ ಮೊನೆ ಕೆಳತುಟಿಗೆ ಸಿಕ್ಕುತ್ತೆ. ಹಿಟ್ಟು ಎಷ್ಟು ಗಟ್ಟಿ ಇದ್ರೂ ತೊಂದರೆ ಇಲ್ಲ.

ಹಿಟ್ಟೇ ಬೇಕು ಅಂತಾನೂ ಇಲ್ಲ. ಕಡ್ಲೆಕಾಳು ಅಥವಾ ಮುಸುಕಿನ ಜೋಳ 12 ಗಂಟೆ ನೆನೆಸಿ, ಉಗುರಲ್ಲಿ ಒತ್ತಿದ್ರೆ ಗುರುತು ಬೀಳೋವಷ್ಟು ಬೇಯಿಸಿ, ಎರಡು ಮೂರು ಕಾಳು ಪೋಣಿಸಿ. ಸಣ್ಣ ಮೀನು ಕಿತ್ತು ತಿನ್ನೋಕಾಗಲ್ಲ, ಸೆಳವಿಗೂ ಕರಗಲ್ಲ. ಜಾಸ್ತಿ ಬೆಂದ್ರೆ ಮಾತ್ರ ಎಸೆದಾಗಲೇ ಸೀಳಿ ಹೋಗುತ್ತೆ.

ಬಿದಿರುಕೋಲು
ಇಷ್ಟೆಲ್ಲಾ ಯಾಕ್ರಪ್ಪ. ಬಿದಿರು ಕೋಲು, ಬೆಂಡು, ಎರೆಹುಳ. ಮುಗೀತು.

ಗಾಳದಗುಂಡ
ಎರೆಹುಳ ಹಾಕಿದ್ರೆ ಮೊದಲು ಬರೋದು ಗಿರ್ಲು, ಆಮೇಲೆ ಜಿಲೇಬಿ (ತಿಲಾಪಿಯಾ ಮೀನು), ಆಮೇಲೆ ಏಡಿ. ರೋಹು ಬರೋಷ್ಟೊತ್ತಿಗೆ ಹುಳದ ಡಬ್ಬಿ ಖಾಲಿ.

ಸೆಳವು_ಸೀನ
ಸೀಸದ ವಿಚಾರ ಯಾರೂ ಮಾತಾಡ್ಲಿಲ್ಲ. ದುಂಡು ಸೀಸ ಉರುಳೋಕೇ ಅಂತ ಹುಟ್ಟಿದ್ದು. ನಿಂತ ನೀರಿಗೆ 30 ಗ್ರಾಂ ಸಾಕು, ಹರಿಯೋ ನೀರಿಗೆ 60ರಿಂದ 90 ಗ್ರಾಂ, ಆಕಾರ ಚಪ್ಪಟೆ ಇರ್ಲಿ. ಚಪ್ಪಟೆ ಸೀಸ ತಳಕ್ಕೆ ಅಂಟಿ ಕೂರುತ್ತೆ. ಆದ್ರೆ ತೂಕ ಏರಿಸೋ ಮುಂಚೆ ಕಡ್ಡಿ ಮೇಲೆ ಬರೆದಿರೋದನ್ನ ಓದಿ. "30-60 ಗ್ರಾಂ" ಅಂತಿದ್ರೆ 90 ಗ್ರಾಂ ಸೀಸ ಜೋರಾಗಿ ಬೀಸಿದ ದಿನ ಕಡ್ಡಿ ಎರಡು ತುಂಡು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸೆಳವು ತಳ್ಳೋದು ಸೀಸವನ್ನಲ್ಲ, ದಾರವನ್ನ. 30 ಮೀಟರ್ ದಾರ ನೀರಲ್ಲಿ ಅಡ್ಡ ಮಲಗಿದ್ರೆ ಅದರ ಮೇಲೆ ಬೀಳೋ ಹೊಡೆತ ಸೀಸದ ಮೇಲಿನದಕ್ಕಿಂತ ಜಾಸ್ತಿ. ಉಪಾಯ ಎರಡು: ದಾರ ತೆಳ್ಳಗೆ ಮಾಡಿ, ಇಲ್ಲಾ ಕಡ್ಡಿ ಎತ್ತರಕ್ಕೆ ನಿಲ್ಲಿಸಿ. ಕವಲು ಕಡ್ಡಿ ನೆಟ್ಟು ಗಾಳದ ಕಡ್ಡಿ 60 ಡಿಗ್ರಿ ಮೇಲಕ್ಕೆ ನಿಂತ್ರೆ ಅರ್ಧ ದಾರ ಗಾಳೀಲೇ ಇರುತ್ತೆ. ಎಸೆಯೋದೂ ನೇರ ಎದುರಿಗಲ್ಲ, ಸ್ವಲ್ಪ ಮೇಲ್ಹರಿವಿಗೆ. ಸೀಸ ತಳ ಮುಟ್ಟಿದ ಮೇಲೆ ಎರಡು ಮೂರು ಮೀಟರ್ ದಾರ ಸಡಿಲ ಬಿಡಿ. ದಾರ ಬಿಲ್ಲಿನ ಹಾಗೆ ಬಾಗಿ, ಎಳೆತ ಕೆಳಹರಿವಿನ ಕಡೆಯಿಂದ ಬೀಳುತ್ತೆ, ಸೀಸ ಮೇಲಕ್ಕೆ ಏಳಲ್ಲ.

ತುಂಗಭದ್ರಿ
ಇದು ಖರೇ ಮಾತ್ರೀ. ನಮ್ ಕಡೆ ಮಂದಿ 150 ಗ್ರಾಂ ಕಬ್ಬಿಣದ ನಟ್ಟು ಕಟ್ಟಿ ಒಗೀತಾರ, ದಾರ ಮಾತ್ರ ಹಗ್ಗದಷ್ಟು ದಪ್ಪ. ನಟ್ಟು ಎಷ್ಟು ಭಾರ ಇದ್ರೂ ದಾರ ಎಳಕೊಂಡ್ ಹೋಗ್ತೈತಿ. ಅದೂ ಅಲ್ದ ಅಷ್ಟು ಭಾರಕ್ಕ ಮೀನು ಮುಟ್ಟಿದ್ದೂ ತಿಳಿಯಂಗಿಲ್ಲ.

ಬನ್ನೂರುದಡ
ಹಾಗಾದ್ರೆ 0.35 ನೈಲಾನ್ ಬಿಟ್ಟು ಬ್ರೇಡ್ (ಎಳೆಗಳನ್ನ ಹೆಣೆದ ದಾರ) ಹಾಕ್ಲಾ? ತೆಳ್ಳಗಿದ್ದೂ ಗಟ್ಟಿ ಅಂತಾರಲ್ಲ.

ಸೆಳವು_ಸೀನ
ಹಾಕಿ. ಸೆಳವಿಗೆ ಅದೇ ಸರಿ.

ಹೇಮಾವತಿ_ಹೈದ
ಬೇಡ! ಬಂಡೆ ಹೊಳೇಲಿ ಬ್ರೇಡ್ ಅಂದ್ರೆ ದುಡ್ಡು ನೀರಿಗೆ. ಎಳೆತಕ್ಕೆ ಗಟ್ಟಿ ನಿಜ, ಆದ್ರೆ ಬಿಗಿಯಾಗಿದ್ದಾಗ ಬಂಡೆ ಅಂಚಿಗೆ ಒಂದ್ಸಲ ಉಜ್ಜಿದ್ರೆ ತುಂಡು. ಜೊತೆಗೆ ಒಂಚೂರೂ ಹಿಗ್ಗಲ್ಲ, ಗೆಂಡೆ ತಲೆ ಒದರಿದ್ರೆ ಗಾಳ ತುಟಿ ಹರ್ಕೊಂಡು ಬರುತ್ತೆ. ನೈಲಾನ್ ಹಿಗ್ಗಿ ಆ ಏಟು ತಡ್ಕೊಳುತ್ತೆ.

ಸೆಳವು_ಸೀನ
ಬ್ರೇಡ್ ಮುಂದೆ 5-6 ಮೀಟರ್ ದಪ್ಪ ನೈಲಾನ್ ಜೋಡಿಸಿ, ಬಂಡೆಗೆ ಉಜ್ಜೋದು ಆ ಭಾಗ. ಎರಡೂ ಸಿಕ್ತಲ್ಲ.

ಹೇಮಾವತಿ_ಹೈದ
ಆ ಜೋಡಣೆ ಗಂಟು ಹೊಸಬರು ಸರಿಯಾಗಿ ಹಾಕಲ್ಲ. ಕಡ್ಡಿ ಉಂಗುರಕ್ಕೆ ಸಿಕ್ಕಿ ಎಸೆದಾಗಲೇ ಕಿತ್ಕೊಂಡು ಹೋಗುತ್ತೆ. ಬನ್ನೂರಿನವರೇ, ಒಳ್ಳೇ ನೈಲಾನ್ 0.30 ಸಾಕು. ಹೋದ ವರ್ಷದ್ದು ಹಾಕಿದ್ರೆ ಮೊದಲು ಅದನ್ನ ಬಿಸಾಕಿ, ಬಿಸಿಲಿಗೆ ನೈಲಾನ್ ಸೊರಗುತ್ತೆ. ಒಂದು ಮೀಟರ್ ತಗೊಂಡು ಬೆರಳ ಮಧ್ಯೆ ಎಳೀರಿ. ತರಿ ತರಿ ಅನ್ಸಿದ್ರೆ, ಗಂಟು ಹಾಕಿ ಎಳೆದಾಗ ಪಟ್ ಅಂದ್ರೆ, ಕತೆ ಮುಗೀತು ಅಂತ.

ಗಾಳದಗುಂಡ
ಬಿಸಾಕೋದು ಅಂದ್ರೆ ದಡದಲ್ಲಲ್ಲ ಸ್ವಾಮಿ. ಹಕ್ಕಿ ಕಾಲಿಗೆ, ಆಮೆ ಕತ್ತಿಗೆ ಸುತ್ಕೊಳುತ್ತೆ. ಚೂರು ಚೂರು ಕತ್ತರಿಸಿ ಮನೆ ಕಸಕ್ಕೆ.

ಕೊಡಗಿನ_ಕಡ್ಡಿ
ಗಂಟಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ನೈಲಾನಿಗೆ ಇಂಪ್ರೂವ್ಡ್ ಕ್ಲಿಂಚ್: ಗಾಳದ ಕಣ್ಣಿಂದ ತುದಿ ತೂರಿಸಿ, ದಾರದ ಸುತ್ತ 5-6 ಸುತ್ತು, ಕಣ್ಣಿನ ಪಕ್ಕದ ಮೊದಲ ಕುಣಿಕೆಯಿಂದ ತುದಿ ತೆಗೆದು ಮತ್ತೆ ದೊಡ್ಡ ಕುಣಿಕೆಯೊಳಗೆ. ಬಿಗಿ ಮಾಡೋ ಮುಂಚೆ ಎಂಜಲು ಹಚ್ಚಿ. ಒಣ ನೈಲಾನ್ ಬಿಗಿಯೋವಾಗ ಉಜ್ಜಿ ಬಿಸಿಯಾಗುತ್ತೆ, ಆ ಜಾಗದಲ್ಲೇ ಶಕ್ತಿ ಹೋಗುತ್ತೆ. ದಾರ ಸುರುಳಿ ಸುರುಳಿಯಾಗಿ ಬಂದಿದ್ರೆ ಬಿಚ್ಚಿ ಮತ್ತೆ ಕಟ್ಟಿ. ಬ್ರೇಡಿಗೆ ಕ್ಲಿಂಚ್ ಜಾರುತ್ತೆ, ಪಾಲೋಮರ್ ಅನ್ನೋ ಗಂಟು ಕಟ್ಟಿ.

ಸೀಸ ಹಲ್ಲಲ್ಲಿ ಕಚ್ಚಿ ಒತ್ತೋ ಅಭ್ಯಾಸ ಇದ್ರೆ ಬಿಡಿ. ಇಕ್ಕಳ ಯಾಕಿರೋದು? ಸೀಸ ವಿಷ.

ಸೆಳವು_ಸೀನ
ಬಂಡೆಗೆ ಸಿಕ್ಕೋದಕ್ಕೆ ಮದ್ದು, ಐದು ಗಾಳದ ಸ್ಪ್ರಿಂಗನ್ನ ಕೆರೆಗೇ ಬಿಟ್ಟುಬಿಡಿ. ನಿಂತ ನೀರಲ್ಲಿ ಹಿಟ್ಟು ಸುತ್ತಲೂ ಉದುರಿ ಮೀನು ಸೇರುತ್ತೆ, ಅಲ್ಲಿಗೆ ಅದು ಸರಿ. ಹೊಳೇಲಿ ಹಿಟ್ಟು ಒಂದೇ ದಿಕ್ಕಿಗೆ ತೊಳ್ಕೊಂಡು ಹೋಗುತ್ತೆ, ಐದು ಗಾಳವೂ ಜಡೆ ಹೆಣ್ಕೊಳುತ್ತೆ. ಒಂದು ಗಾಳ ಬಾಯಿಗೆ, ಇನ್ನೊಂದು ಕಣ್ಣಿಗೆ, ಮತ್ತೊಂದು ಹೊಟ್ಟೆಗೆ. ವಾಪಸ್ ಬಿಟ್ರೂ ಮೀನು ಉಳಿಯಲ್ಲ.

ಹೀಗೆ ಕಟ್ಟಿ: ಮುಖ್ಯ ದಾರಕ್ಕೆ ಒಂದು ಸ್ವಿವೆಲ್ (ತಿರುಗೋ ಕೊಂಡಿ) ಓಡಾಡೋ ಹಾಗೆ ಪೋಣಿಸಿ, ಅದಕ್ಕೆ ಸೀಸ. ಕೆಳಗೆ ಒಂದು ಪ್ಲಾಸ್ಟಿಕ್ ಮಣಿ, ಗಂಟಿಗೆ ಏಟು ಬೀಳದ ಹಾಗೆ. ಆಮೇಲೆ ಎರಡನೇ ಸ್ವಿವೆಲ್, ಅಲ್ಲಿಂದ 30-45 ಸೆಂ.ಮೀ. ದಾರ, ಕೊನೆಗೆ ಒಂದೇ ಗಾಳ. ಸೀಸವನ್ನ ಸ್ವಿವೆಲ್ಲಿಗೆ ನೇರ ಕಟ್ಟಬೇಡಿ, 0.20 ದಾರದ ಒಂದು ಗೇಣು ಮಧ್ಯೆ ಇರ್ಲಿ. ಬಂಡೆಗೆ ಸಿಕ್ಕಿದ್ರೆ ಆ ತೆಳು ದಾರ ಕಿತ್ತು ಸೀಸ ಒಂದೇ ಹೋಗುತ್ತೆ. ಗಾಳ, ಮೀನು, ಉಳಿದ ದಾರ ಎಲ್ಲಾ ನಿಮ್ಮದೇ. ಸೀಸದ ಬದಲು ಹಳೇ ಸ್ಪಾರ್ಕ್ ಪ್ಲಗ್ ಕಟ್ಟಿದ್ರೆ ಅದೂ ಖರ್ಚಿಲ್ಲ, ಗ್ಯಾರೇಜಲ್ಲಿ ಸುಮ್ನೆ ಕೊಡ್ತಾರೆ.

ಹೇಮಾವತಿ_ಹೈದ
ಓಡಾಡೋ ಸೀಸಕ್ಕಿಂತ ನಿಂತ ಸೀಸ ಒಳ್ಳೇದು. ಮೀನು ಎರೆ ಎತ್ತಿದ ಕೂಡ್ಲೇ 80 ಗ್ರಾಂ ತೂಕ ಎಳೆದು ಗಾಳ ತಾನೇ ಕಚ್ಚುತ್ತೆ, ನೀವು ಬೀಡಿ ಸೇದ್ತಾ ಕೂತ್ರೂ ಆಗುತ್ತೆ.

ಸೆಳವು_ಸೀನ
ದಾರ ಕಿತ್ತೋದ್ರೆ? ಮೀನು 80 ಗ್ರಾಂ ಸೀಸ ಎಳ್ಕೊಂಡು ತಿರುಗಿ ಎಲ್ಲೋ ಬಳ್ಳೀಲಿ ಸಿಕ್ಕಿ ಸಾಯುತ್ತೆ. ನಿಂತ ಸೀಸ ಕಟ್ಟೋದಾದ್ರೂ ಆ ತೆಳು ದಾರ ಇರ್ಲೇಬೇಕು.

ಹೇಮಾವತಿ_ಹೈದ
ಅದಕ್ಕೆ ತಕರಾರಿಲ್ಲ.

ಮಂಗಳೂರು_ಮರವಾಯಿ
ಗಾಳದ ಸೈಜ್ ಯಾರೂ ಹೇಳಲೇ ಇಲ್ಲ ಮಾರಾಯ್ರೆ. ಅಂಗಡಿಯಲ್ಲಿ 10 ಕೊಡಿ ಅಂತ ಕೇಳಿದರೆ ಸೊಳ್ಳೆಯಷ್ಟು ಗಾಳ ಕೊಡ್ತಾರೆ. 10, 8, 6, 4, 2 ಅಂತ ಅಂಕಿ ಇಳಿದ ಹಾಗೆ ಗಾಳ ದೊಡ್ಡದು. 1 ಆದ ಮೇಲೆ ಲೆಕ್ಕ ತಿರುಗ್ತದೆ: 1/0, 2/0, 3/0 ಅಂತ ಅಂಕಿ ಏರಿದ ಹಾಗೆ ದೊಡ್ಡದು. ಗೆಂಡೆ, ರೋಹುವಿಗೆ 6ರಿಂದ 2. ಬಾಳೆ ಮೀನಿಗೆ 2/0, 3/0, ಮತ್ತೆ ಗಾಳದ ಹತ್ತಿರ 20 ಸೆಂ.ಮೀ. ಉಕ್ಕಿನ ತಂತಿ ಬೇಕೇ ಬೇಕು, ಅದರ ಹಲ್ಲಿಗೆ ನೈಲಾನ್ ಲೆಕ್ಕಕ್ಕೇ ಇಲ್ಲ. ಮೊನೆ ಹರಿತ ಉಂಟಾ ಅಂತ ಉಗುರಿನ ಮೇಲೆ ಎಳೆದು ನೋಡಿ. ಗೀರಿ ನಿಂತರೆ ಸರಿ, ಜಾರಿದರೆ ಬದಲಾಯಿಸಿ.

ಕಾಟ್ಲಾಕಿಟ್ಟಿ
ಒಂದು ತಿದ್ದುಪಡಿ. ಮೇಲೆ ಎಲ್ರೂ ತಳದ ಗಾಳದ ಬಗ್ಗೆನೇ ಹೇಳ್ತಿದೀರಿ. ಅದು ಸಾಮಾನ್ಯ ಗೆಂಡೆ, ಮೃಗಾಲಕ್ಕೆ ಸರಿ, ಅವು ತಳ ಕೆದಕಿ ತಿನ್ನೋವು. ರೋಹು ನಡುನೀರಲ್ಲಿ ಜಾಸ್ತಿ, ತಳಕ್ಕೂ ಇಳಿಯುತ್ತೆ. ಕಾಟ್ಲಾ ಬಾಯಿ ಮೇಲ್ಮುಖ, ಮೇಲ್ಪದರದಲ್ಲಿ ತೇಲೋ ಸೂಕ್ಷ್ಮಜೀವಿ ತಿನ್ನೋ ಮೀನು. ಅದಕ್ಕೆ ಬೆಂಡು ಕಟ್ಟಿ, ಒಂದು ಒಂದೂವರೆ ಮೀಟರ್ ಆಳಕ್ಕೆ, ಬೇಗ ಕರಗೋ ಮೆತ್ತನೆ ಹಿಟ್ಟು. ಬನ್ನೂರಿನವರ ಆ ಪುಡಿ ಪುಡಿ ಹಿಟ್ಟು ಅಲ್ಲಿ ಕೆಲಸಕ್ಕೆ ಬರುತ್ತೆ! ಹುಲ್ಲುಗೆಂಡೆಗೆ ಹಿಟ್ಟೇ ಬೇಡ, ನೀರೊಳಗಿನ ಹಸಿರು ಪಾಚಿ ಗಿಡವೋ ಎಳೇ ಹುಲ್ಲೋ ಒಂದು ಹಿಡಿ ಗಾಳಕ್ಕೆ ಸುತ್ತಿದ್ರೆ ಸಾಕು.

ಬನ್ನೂರುದಡ
ಜಾಗ ಹೇಗೆ ಆರಿಸೋದು? ದೊಡ್ಡ ಸೆಳವಿನ ಮಧ್ಯಕ್ಕೇ ಎಸೀಬೇಕಾ?

ತುಂಗಭದ್ರಿ
ಮಧ್ಯಕ್ಕ ಯಾಕ್ರೀ, ಮೀನಿಗೂ ಈಜಿ ಈಜಿ ಸುಸ್ತಾಗ್ತೈತಿ. ಸೆಳವು ಮತ್ತ ನಿಂತ ನೀರು ಕೂಡೋ ಗೆರಿ ನೋಡ್ರಿ, ನೊರಿ, ಎಲಿ ಸಾಲಾಗಿ ತೇಲ್ತಿರ್ತಾವ. ಆ ಗೆರಿ ಒಳಮಗ್ಗಲಕ್ಕ ಒಗೀರಿ. ಬಂಡಿ ಹಿಂದಿನ ನೀರು, ಹೊಳಿ ತಿರುವಿನ ಹೊರಗಿನ ಮಡು, ಹಳ್ಳ ಇಲ್ಲಾ ಕಾಲುವಿ ಬಂದು ಕೂಡೋ ಬಾಯಿ. ಆಳ ತಿಳೀಬೇಕಂದ್ರ ಬರೀ ಸೀಸ ಒಗೆದು ಎಣಸ್ರಿ, ತಳ ಮುಟ್ಟಿದಾಗ ದಾರ ಸಡ್ಲ ಆಗ್ತೈತಿ. ಆಮ್ಯಾಲ ನಿಧಾನ ಎಳೀರಿ. ಟಕ್ ಟಕ್ ಅಂದ್ರ ಕಲ್ಲು, ಮೆತ್ತಗ ಬಂದ್ರ ಉಸುಕು, ಬಿಗಿಯಾಗಿ ಬಂದ್ರ ಕೆಸರು.

ಸೆಕಿ ದಿನದಾಗ ಬೆಳಿಗ್ಗಿ 6ರಿಂದ 9, ಸಂಜಿ ನಾಲ್ಕೂವರಿ ಮ್ಯಾಲ. ಮಧ್ಯಾಹ್ನ ಸುಮ್ಮ ಮಲಕ್ಕೊಳ್ರಿ.

ಮುದ್ದೆಮಾಸ್ತರ
ಎಸೆಯೋ ಮುಂಚೆ ಜಾಗಕ್ಕೆ ಮೇವು ಹಾಕಿ. ಅಕ್ಕಿ ತೌಡು ಒಂದು ಕೆಜಿ, ಹಿಂಡಿ ಕಾಲು ಕೆಜಿ, ರಾತ್ರಿ ನೆನೆಸಿಟ್ಟು ಹುಳಿ ಬರಿಸಿ. ಬರೀ ತೌಡು ಎಸೆದ್ರೆ ತೇಲಿ ತಮಿಳುನಾಡಿಗೆ ಹೋಗುತ್ತೆ, ಅಲ್ಲಿಗೆ ನೀರು ಬಿಟ್ಟಿದ್ದೇ ಸಾಕು. ದಡದ ಜೇಡಿಮಣ್ಣು ಎರಡು ಪಾಲು ಸೇರಿಸಿ ಉಂಡೆ ಕಟ್ಟಿ, ಗಾಳ ಬೀಳೋ ಜಾಗಕ್ಕಿಂತ ಐದಾರು ಮೀಟರ್ ಮೇಲ್ಹರಿವಿಗೆ ಹಾಕಿ. ಶುರುವಿಗೆ ಐದಾರು ಉಂಡೆ, ಆಮೇಲೆ ಅರ್ಧ ಗಂಟೆಗೆ ಒಂದು. ಜಾಸ್ತಿ ಸುರಿದ್ರೆ ಜಿಲೇಬಿ ಹಿಂಡು ಬಂದು ಕೂರುತ್ತೆ, ಇಲ್ಲಾ ಮೀನು ಅದನ್ನೇ ತಿಂದು ನಿಮ್ಮ ಎರೆ ಮೂಸಿಯೂ ನೋಡಲ್ಲ.

ದಾಂಡೇಲಿ_ದೋಣಿ
ನೀರಿನ ಮಟ್ಟದ ಬಗ್ಗೆ ಎಚ್ಚರ ಹೇಳದೆ ಇಂಥ ಚರ್ಚೆ ಮಾಡಬಾರದು. ಅಣೆಕಟ್ಟಿನ ಕೆಳಗಿನ ಹೊಳೆ ಮಳೆ ಇಲ್ಲದೆಯೂ ಏರುತ್ತೆ. ಕಾಳಿ ನದಿಯಲ್ಲಂತೂ ವಿದ್ಯುತ್ ತಯಾರಿಕೆಗೆ ನೀರು ಬಿಟ್ಟಾಗ ದಿನದಲ್ಲೇ ಮಟ್ಟ ಏರಿಳಿಯುತ್ತೆ. ಬೆಳಿಗ್ಗೆ ನಡೆದು ದಾಟಿದ ಬಂಡೆ ಮಧ್ಯಾಹ್ನ ನಡುಗಡ್ಡೆ. ನೀರಂಚಿಗೆ ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ಗುರುತು ಮುಳುಗಿದ್ರೆ, ತಿಳಿ ನೀರು ಇದ್ದಕ್ಕಿದ್ದಂತೆ ಕದಡಿದ್ರೆ, ಎಲೆ ಕಡ್ಡಿ ತೇಲಿ ಬರೋಕೆ ಶುರುವಾದ್ರೆ, ಸಾಮಾನು ಬಿಟ್ಟಾದರೂ ದಡಕ್ಕೆ ಬನ್ನಿ. ಹೊಳೆ ಮಧ್ಯದ ಬಂಡೆ ಮೇಲೆ ಕೂರಲೇಬೇಡಿ.

ಬನ್ನೂರುದಡ
ನಮ್ ಕಡೆ ಕೆಆರ್‌ಎಸ್ ಹೊರಹರಿವು ಪೇಪರಲ್ಲಿ ದಿನಾ ಬರುತ್ತಲ್ಲ, ಅದು ನೋಡಿದ್ರೆ ಸಾಕಾ?

ಸೆಳವು_ಸೀನ
ನೋಡಿ, ಆದ್ರೆ ಅಂಕಿಗಿಂತ ಅದರ ಬದಲಾವಣೆ ಮುಖ್ಯ. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ನಿನ್ನೆಗೂ ಇವತ್ತಿಗೂ ಎರಡು ಮೂರು ಪಟ್ಟು ವ್ಯತ್ಯಾಸ ಇದ್ರೆ ಗಾಳ ಮನೇಲಿರ್ಲಿ. ಕೆಆರ್‌ಎಸ್ ಮಟ್ಟ 124.80 ಅಡಿ ಹತ್ರ ಇದ್ದು ಕೊಡಗಲ್ಲಿ ಮಳೆ ಹಿಡಿದಿದ್ರೆ ಯಾವ ಗಳಿಗೇಲಾದ್ರೂ ಬಿಡ್ತಾರೆ. ಪೇಪರ್ ಅಚ್ಚಾಗಿದ್ದು ರಾತ್ರಿ, ಗೇಟ್ ಎತ್ತೋದು ಬೆಳಿಗ್ಗೆ. ಅದೊಂದನ್ನೇ ನಂಬ್ಕೊಂಡು ಇಳೀಬೇಡಿ.

ಬಿದಿರುಕೋಲು
ಮೊಸಳೆ ಬಗ್ಗೆನೂ ಹೇಳಿ. ರಂಗನತಿಟ್ಟಿನ ಸುತ್ತಮುತ್ತ ಕಮ್ಮಿ ಇಲ್ಲ. ಮೀನು ತೊಳೆದು ಕರುಳು ಅಲ್ಲೇ ಬಿಸಾಕಿ ಅದೇ ಜಾಗದಲ್ಲಿ ಕಾಲು ಇಳಿಬಿಟ್ಟು ಕೂರೋರು ಇದಾರೆ.

ಕೊಡಗಿನ_ಕಡ್ಡಿ
ಕಾನೂನು ಯಾರಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ. ರಂಗನತಿಟ್ಟು ಪಕ್ಷಿಧಾಮ, ಕಾವೇರಿ ವನ್ಯಜೀವಿ ಧಾಮ, ಇವುಗಳ ಒಳಗೆ ಗಾಳ ಹಾಕೋ ಹಾಗಿಲ್ಲ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಒಂದು ಕಾಲಕ್ಕೆ ಮಹಶೀರ್ ಗಾಳಕ್ಕೆ ಹೊರದೇಶದಲ್ಲೂ ಹೆಸರಾಗಿದ್ವು, ಈಗ ಅಲ್ಲೂ ಇಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಶೃಂಗೇರಿ, ರಾಮನಾಥಪುರ, ಶಿಶಿಲದಂಥ ದೇವರ ಮೀನಿನ ಜಾಗಗಳಲ್ಲಿ ಕಡ್ಡಿ ಕೈಲಿ ಹಿಡಿದು ನಿಲ್ಲೋದೂ ಬೇಡ.

ಉಳಿದ ಕಡೆ ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರೀಲಿ ಆ ಭಾಗದ ಹೊಳೆಗೆ ಪರವಾನಗಿ ಕೇಳಿ. ಕೆರೆ, ಜಲಾಶಯಗಳು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆಗೋ ಹೋಗಿರ್ತವೆ, ಅವರ ಒಪ್ಪಿಗೆ ಇಲ್ಲದೆ ಇಳಿದ್ರೆ ಜಗಳ ಖಂಡಿತ, ತಪ್ಪೂ ನಿಮ್ಮದೇ. ಸಿಡಿಮದ್ದು, ವಿಷ ಹಾಕೋದು 1897ರ ಕೇಂದ್ರ ಕಾಯ್ದೆಯಿಂದಲೂ ಅಪರಾಧ.

ಗಾಳದಗುಂಡ
ಮುಂಗಾರಲ್ಲಿ ಹೊಸ ಕೆಂಪು ನೀರು ಬಂದಾಗ ಮೀನು ಹುಚ್ಚೆದ್ದು ಏರುತ್ತೆ, ಆಗ ಹೋದ್ರೆ ಹಬ್ಬ ಅಲ್ವಾ?

ಕಾಟ್ಲಾಕಿಟ್ಟಿ
ಏರೋದು ಮೊಟ್ಟೆ ಇಡೋಕೆ ಕಣಪ್ಪ. ಜೂನ್‌ನಿಂದ ಆಗಸ್ಟ್ ಆಚೀಚೆ ಹೊಟ್ಟೆ ತುಂಬಾ ಮೊಟ್ಟೆ. ಆಗ ಒಂದು ಹೆಣ್ಣು ಮೀನು ತೆಗೆದ್ರೆ ಲಕ್ಷಗಟ್ಟಲೆ ಮೊಟ್ಟೆ ಸಾರಿಗೆ ಹೋಯ್ತು ಅಂತ. ಕಡ್ಡಿ ಅಟ್ಟಕ್ಕಿಡಿ, ರೀಲು ಬಿಚ್ಚಿ ಗ್ರೀಸ್ ಹಾಕೋಕೆ ಅದೇ ಸರಿಯಾದ ಕಾಲ.

ಮಂಗಳೂರು_ಮರವಾಯಿ
ಮಹಶೀರ್ ಅಂದ ಕೂಡಲೇ ನೆನಪಾಯ್ತು, ಕಬಿನಿಯಲ್ಲಿ ಹಿಡಿದ ದಾಖಲೆ ಮೀನು ಎಷ್ಟು ತೂಕ ಇದ್ದದ್ದು?

ಕೊಡಗಿನ_ಕಡ್ಡಿ
120 ಪೌಂಡ್, ಅಂದ್ರೆ 54 ಕೆಜಿ ಮೇಲೆ. 1946, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಹಿಡಿದಿದ್ದು, ಪ್ರಾಣಿಗಳಿಗೆ ಹೊಟ್ಟು ತುಂಬಿಸಿ ನಿಲ್ಲಿಸೋದಕ್ಕೆ ಹೆಸರಾಗಿದ್ದ ಅದೇ ಮನೆತನ. ಅದು ನಮ್ಮ ಬೆನ್ನುಗೂನಿನ ಮಹಶೀರ್, ಹೊಳೆ ಬದಿಯವರ ಬಿಳಿ ಮೀನು. ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದು 2018ರಲ್ಲಿ, ಟೋರ್ ರೆಮಾದೇವಿ ಅಂತ. ಕಾವೇರಿ ಮತ್ತು ಅದರ ಉಪನದಿ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲ. ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪಟ್ಟೀಲಿ ಅಳಿವಿನ ತುತ್ತತುದಿಯಲ್ಲಿರೋ ವರ್ಗ.

ಹೇಮಾವತಿ_ಹೈದ
ಅಳಿಯೋಕೆ ಗಾಳ ಕಾರಣ ಅಂತ ಬೊಬ್ಬೆ ಹೊಡೀತಾರೆ. ಗಾಳಕ್ಕಿಂತ ಸಿಡಿಮದ್ದು, ಮರಳು ತೆಗೆಯೋದು, ಅಣೆಕಟ್ಟು. ಮತ್ತೆ ಲೋನಾವಳದ ಮರಿ ಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಅದು ಇಲ್ಲಿ ಚೆನ್ನಾಗಿ ಬೆಳೀತು, ಬಿಳಿ ಮೀನಿನ ಜಾಗ ಹಿಡೀತು. ಮೀನು ಉಳಿಸೋಕೆ ಅಂತ ಒಳ್ಳೇ ಮನಸ್ಸಿಂದ ಮಾಡಿದ್ದೇ.

ಕೊಡಗಿನ_ಕಡ್ಡಿ
ಅದಕ್ಕೆ ಹೇಳೋದು, ಅಕಸ್ಮಾತ್ ಮಹಶೀರ್ ಬಿದ್ರೆ ನೀರಲ್ಲೇ ಇಟ್ಟು ಗಾಳ ಬಿಡಿಸಿ ಬಿಡಿ. ಗುರುತು: ಅಂಗೈ ಅರ್ಧದಷ್ಟು ದೊಡ್ಡ ಪೊರೆ, ದಪ್ಪ ತುಟಿ, ಎರಡು ಜೊತೆ ಮೀಸೆ. ಸಾಮಾನ್ಯ ಗೆಂಡೆಗೂ ಎರಡು ಜೊತೆ ಮೀಸೆ ಇರುತ್ತೆ, ಆದ್ರೆ ಅದರ ಬೆನ್ನಿನ ರೆಕ್ಕೆ ಉದ್ದಕ್ಕೂ ಬಾಲದ ಹತ್ರದ ತನಕ ಹೋಗುತ್ತೆ. ಮಹಶೀರ್ ಬೆನ್ನಿನ ರೆಕ್ಕೆ ಗಿಡ್ಡ.

ಬಿಡೋ ಕ್ರಮ: ಕೈ ಒದ್ದೆ ಮಾಡ್ಕೊಳಿ, ಒಣ ಕೈಗೆ ಅದರ ಲೋಳೆ ಪದರ ಕಿತ್ತು ಬಂದ್ರೆ ಆಮೇಲೆ ಬೂಸ್ಟು ಹಿಡಿದು ಸಾಯುತ್ತೆ. ಕಿವಿರಿಗೆ ಬೆರಳು ಹಾಕ್ಬೇಡಿ. ತಲೆ ಮೇಲ್ಹರಿವಿಗೆ ಹಿಡಿದು, ತಾನೇ ಬಾಲ ಒದ್ದು ಹೋಗೋ ತನಕ ಕಾಯಿರಿ. ಗಾಳದ ಮೊನೆ ಹಿಂದಿನ ಮುಳ್ಳನ್ನ ಇಕ್ಕಳದಲ್ಲಿ ಮೊದಲೇ ಒತ್ತಿ ಮಟ್ಟ ಮಾಡಿದ್ರೆ ಬಿಡಿಸೋದು ಎರಡು ಸೆಕೆಂಡಿನ ಕೆಲಸ.

ಬಿದಿರುಕೋಲು
ಮುಳ್ಳು ಮಟ್ಟ ಮಾಡಿದ್ರೆ ಮೀನು ಜಾರಲ್ವಾ?

ಕೊಡಗಿನ_ಕಡ್ಡಿ
ದಾರ ಸಡಿಲ ಬಿಟ್ರೆ ಜಾರುತ್ತೆ. ಬಿಗಿ ಇಟ್ರೆ ಇಲ್ಲ. ನಿಮ್ಮ ಬೆರಳಿಗೇ ಚುಚ್ಚಿದ ದಿನ ಅದರ ಬೆಲೆ ತಿಳಿಯುತ್ತೆ.

ತುಂಗಭದ್ರಿ
ಆಫ್ರಿಕನ್ ಕ್ಯಾಟ್‌ಫಿಶ್ ಬಿದ್ರ ಮಾತ್ರ ವಾಪಸ್ ಬಿಡಬ್ಯಾಡ್ರಿ. ಅದರ ಸಾಕಣಿ ದೇಶದಾಗ ನಿಷೇಧ ಐತಿ, ಆದ್ರೂ ಹೊಳಿ ಸೇರೈತಿ. ಸಿಕ್ಕಿದ್ದೆಲ್ಲಾ ನುಂಗ್ತೈತಿ.

ಮಂಗಳೂರು_ಮರವಾಯಿ
ಗಿರ್ಲು, ಚೇಳು ಮೀನು ಬಿಡಿಸುವಾಗ ಎದೆ ರೆಕ್ಕೆಯ ಮುಳ್ಳು ಜಾಗ್ರತೆ. ಚುಚ್ಚಿದರೆ ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಕೈ ಇಡಿ, ನೋವು ಇಳೀತದೆ. ಸುಟ್ಟುಕೊಳ್ಳಬೇಡಿ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರಿದರೆ ಡಾಕ್ಟರ ಹತ್ತಿರ ಹೋಗಿ, ಟಿಟಿ ಹಾಕಿಸಿ.

ಗಾಳದಗುಂಡ
ಎಲ್ಲಾ ಆಯ್ತು, ಗೆಂಡೆ ಸಾರಲ್ಲಿ ಮಣ್ಣು ವಾಸನೆ ಬರುತ್ತಲ್ಲ, ಅದಕ್ಕೇನು ಮಾಡೋದು?

ಮುದ್ದೆಮಾಸ್ತರ
ಅದು ಮಣ್ಣಲ್ಲ. ನೀರಿನ ಪಾಚಿ, ಬ್ಯಾಕ್ಟೀರಿಯಾದಿಂದ ಬರೋ ಜಿಯೋಸ್ಮಿನ್ ಅನ್ನೋ ವಸ್ತು, ಚರ್ಮ ಮತ್ತೆ ಪಕ್ಕೆಯ ಕೆಂಪು ಮಾಂಸದಲ್ಲಿ ಸೇರ್ಕೊಂಡಿರುತ್ತೆ. ಹುಳಿಗೆ ಒಡೆಯುತ್ತೆ. ಹೊಟ್ಟೆಯೊಳಗಿನ ಕರಿ ಪೊರೆ ಉಜ್ಜಿ ತೆಗೀರಿ, ಆ ಕೆಂಪು ಪಟ್ಟಿ ಕತ್ತರಿಸಿ, ಉಪ್ಪು ಅರಿಶಿನ ಹುಣಸೆ ರಸದಲ್ಲೋ ಹುಳಿ ಮಜ್ಜಿಗೇಲೋ 20 ನಿಮಿಷ ಇಟ್ಟು ತೊಳೀರಿ. ಸಾರಿಗೂ ಹುಣಸೆ ಧಾರಾಳವಾಗಿ. ಜೊತೆಗೆ ಮುದ್ದೆ, ಗಾಳಕ್ಕೆ ಹಾಕಿದ್ದಲ್ಲ.

ಸೆಳವು_ಸೀನ
ವಾಸನೆ ಹೋದ್ರೂ ಎಲ್ಲಾ ಹೊಳೆ ಮೀನು ತಿನ್ನೋ ಹಾಗಿಲ್ಲ. ವೃಷಭಾವತಿ ಬೆಂಗಳೂರಿನ ಚರಂಡಿ, ಕಾರ್ಖಾನೆ ನೀರು ಹೊತ್ಕೊಂಡು ಅರ್ಕಾವತಿ ಸೇರುತ್ತೆ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತೆ. ಭಾರದ ಲೋಹ ಹುಣಸೆ ಹುಳಿಗೆ ಹೋಗಲ್ಲ. ಆ ಕಡೆ ಮೀನು ಬೇಡ.

ಬನ್ನೂರುದಡ
ಎಲ್ರಿಗೂ ಧನ್ಯವಾದ. ಹಾಗಾದ್ರೆ: ಬೇಯಿಸಿದ ಹಿಟ್ಟು ಹೇರ್ ರಿಗ್ ಮೇಲೆ, 70 ಗ್ರಾಂ ಚಪ್ಪಟೆ ಸೀಸ ತೆಳು ದಾರದಲ್ಲಿ, 0.30 ನೈಲಾನ್, 4ನೇ ಸೈಜಿನ ಒಂದೇ ಗಾಳ, ಕಡ್ಡಿ ಎತ್ತರಕ್ಕೆ. ಒಂದು ಉಳೀತು. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಜಾರೋಕೆ ಬಿಡೋ ಬಿಗಿ) ಎಷ್ಟು ಬಿಗಿ ಇಡ್ಬೇಕು? ಪೂರ್ತಿ ಬಿಗಿ ಇಟ್ರೆ ದಾರ ಕೀಳುತ್ತೆ, ಸಡಿಲ ಇಟ್ರೆ ಬಂಡೆ ಸಂದಿಗೆ ಓಡುತ್ತೆ.

ಸೆಳವು_ಸೀನ
ದಾರದ ಶಕ್ತೀಲಿ ಕಾಲು ಭಾಗದಿಂದ ಮೂರನೇ ಒಂದು. 6 ಕೆಜಿ ದಾರಕ್ಕೆ ಒಂದೂವರೆಯಿಂದ ಎರಡು ಕೆಜಿ. ಅಂದಾಜು ಬೇಡ, ಕೊಕ್ಕೆ ಇರೋ ಸ್ಪ್ರಿಂಗ್ ತಕ್ಕಡಿ ದಾರಕ್ಕೆ ಸಿಕ್ಕಿಸಿ, ಕಡ್ಡಿ ಬಾಗಿಸಿ ಎಳೆಸಿ ನೋಡಿ. ಕಡ್ಡಿ ಬಾಗಿದಾಗ ಉಂಗುರದ ಉಜ್ಜಾಟವೂ ಲೆಕ್ಕಕ್ಕೆ ಬರುತ್ತೆ, ರೀಲಿಂದ ನೇರ ಅಳೆದ್ರೆ ಕಮ್ಮಿ ತೋರಿಸುತ್ತೆ. ಬಂಡೆ ಕಡೆ ಓಡಿದ್ರೆ ಡ್ರ್ಯಾಗ್ ಮುಟ್ಟಬೇಡಿ, ಕಡ್ಡಿಯನ್ನ ನೀರಿಗೆ ಸಮ ಅಡ್ಡ ಮಲಗಿಸಿ ಪಕ್ಕಕ್ಕೆ ಎಳೀರಿ. ಮೇಲಕ್ಕೆ ಎಳೆದ್ರೆ ಮೀನು ಕೆಳಗೆ ಒತ್ತುತ್ತೆ, ಪಕ್ಕಕ್ಕೆ ಎಳೆದ್ರೆ ತಲೆ ತಿರುಗುತ್ತೆ. ಡ್ರ್ಯಾಗ್ ಜಾರ್ತಿರೋವಾಗ ಹಿಡಿಕೆ ತಿರುಗಿಸಬೇಡಿ, ದಾರ ಒಂದಿಂಚೂ ಬರಲ್ಲ, ಬರೀ ತಿರುಚ್ಕೊಳುತ್ತೆ.

ಹೇಮಾವತಿ_ಹೈದ
ಕಡ್ಡಿ ನೆಟ್ಟು ಕೂತಾಗ ಮಾತ್ರ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ, ಇಲ್ಲಾಂದ್ರೆ ಕಡ್ಡಿಗೆ ಹಗ್ಗ ಕಟ್ಟಿ. ಐದು ಕೆಜಿ ಗೆಂಡೆ ಒಂದೇ ಓಟಕ್ಕೆ ಕಡ್ಡಿ ರೀಲು ಸಮೇತ ಎಳ್ಕೊಂಡು ಹೋಗುತ್ತೆ.

ಗಾಳದಗುಂಡ
ಗಂಟೆ ಕಟ್ಟಿದ್ರೆ ತಿಳಿಯುತ್ತಲ್ಲ.

ಹೇಮಾವತಿ_ಹೈದ
ಗಂಟೆ ಟಿಣಿ ಟಿಣಿ ಅಂದ್ರೆ ಸಣ್ಣ ಮೀನು, ಬಿಡಿ. ಕಡ್ಡಿ ತುದಿ ನಿಧಾನಕ್ಕೆ ಬಾಗಿ ಹಾಗೇ ನಿಂತ್ರೆ ಎತ್ತಿ. ಗಂಟೆಯೇ ಆಡದೆ ದಾರ ಸಡಿಲವಾದ್ರೂ ಎತ್ತಿ, ಗೆಂಡೆ ಸೀಸ ಎತ್ಕೊಂಡು ನಿಮ್ಮ ಕಡೆಗೇ ಬರ್ತಿರುತ್ತೆ. ಆಗ ಮೊದಲು ಬೇಗ ಸುತ್ತಿ ದಾರ ಬಿಗಿ ಮಾಡಿ, ಆಮೇಲೆ ಎಳೀರಿ.

ಕಾಟ್ಲಾಕಿಟ್ಟಿ
ಕೈಬಲೆ ತಗೊಂಡಿದೀರಾ? ಬಾಯಿ ಅಗಲ ಎರಡು ಅಡಿ, ಗಂಟಿಲ್ಲದ ಬಲೆ, ಹಿಡಿ ಐದು ಅಡಿ ಮೇಲೆ. ಬಲೆ ಮೊದಲೇ ನೀರಲ್ಲಿ ಮುಳುಗಿಸಿಟ್ಟು, ಮೀನು ತಲೆ ಮುಂದಾಗಿ ಅದರ ಮೇಲೆ ಬರೋ ಹಾಗೆ ಎಳೀರಿ. ಬಾಲದ ಕಡೆಯಿಂದ ಬಲೆ ಹಾಕೋಕೆ ಹೋದ್ರೆ ಒಂದೇ ಒದೆತಕ್ಕೆ ಪಾರು. ದಾರ ಹಿಡಿದು ದಡಕ್ಕೆ ಎತ್ತೋದಂತೂ ಬೇಡ, ಬಹಳ ಮೀನು ಕಿತ್ಕೊಂಡು ಹೋಗೋದು ಆ ಕೊನೇ ಎರಡು ಅಡೀಲೇ.

ಬನ್ನೂರುದಡ
ಕೈಬಲೆ ಇಲ್ಲ. ಮೈಸೂರಲ್ಲಿ ಗಂಟಿಲ್ಲದ್ದು ಸಿಗುತ್ತಾ?

ಮುದ್ದೆಮಾಸ್ತರ
ಸಿಗದಿದ್ರೆ ದಪ್ಪ ಸೊಳ್ಳೆಪರದೆ ಬಟ್ಟೆ ಎರಡು ಪದರ ಹೊಲಿಸಿ, 8 ಮಿ.ಮೀ. ಕಬ್ಬಿಣದ ಸರಳು ಬಾಗಿಸಿ ಬಾಯಿಗೆ ಹಾಕ್ಸಿ. ಹರಿವಲ್ಲಿ ಸ್ವಲ್ಪ ಎಳೆಯುತ್ತೆ, ಕೆಳಭಾಗದಲ್ಲಿ ಮಾತ್ರ ದೊಡ್ಡ ಕಣ್ಣಿನ ಬಲೆ ತುಂಡು ಸೇರಿಸಿದ್ರೆ ನೀರು ಹಾದು ಹೋಗುತ್ತೆ.